ಯಂತ್ರದ ಕಡೆಯ ಮಾತು



ಕನ್ನಡ ಪಾಠ ಹೇಳಿ ನಿವೃತ್ತನಾದವನು ಗಣಕಯಂತ್ರದ ತಂತಿಗಳನ್ನು ಕುರಿತು ಮಾತನಾಡುವುದು ಅಧಿಕಪ್ರಸಂಗವೆಂದು ನಿಮಗೆ ತೋರಬಹುದು. ಆದರೆ ನಾನು ಹೇಳಹೊರಟಿರುವುದು ಒಂದು ಬಗೆಯ ಬರಹದ ಸಂಗತಿ. ಅದು ಹೇಗೆ ಉಳಿಯುತ್ತದೆ, ಅದನ್ನು ಹೇಗೆ ಓದಬೇಕು ಎಂಬುದು ಹಳೆಯ ಓಲೆಗಳೊಡನೆ ಹೆಣಗಿದವರಿಗೆ ತೀರ ಹೊರಗಿನ ವಿಷಯವಲ್ಲ.

ಬ್ಯಾಂಕು, ರೈಲ್ವೆ, ದೂರವಾಣಿ ಮೊದಲಾದವುಗಳ ಲೆಕ್ಕ ನಡೆಸುವ ಗಣಕಗಳಿರುವ ಕೋಣೆಗಳಲ್ಲಿ ಮನುಷ್ಯರು ಕೂರುವುದು ಅಪರೂಪ. ಅಲ್ಲಿರುವುದು ಕಬ್ಬಿಣದ ಚೌಕಟ್ಟುಗಳಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳು ಮತ್ತು ಕೊರೆಯುವ ತಂಪುಗಾಳಿ. ಸಾಮಾನ್ಯವಾಗಿ ಯಂತ್ರಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಬೆನ್ನಿನಲ್ಲಿ ಒಂದು ಪುಟ್ಟ ಕಿಂಡಿ ಮಾತ್ರ ಇರುತ್ತದೆ. ಅದಕ್ಕೆ ಸೀರಿಯಲ್ ಕನ್ಸೋಲ್ ಎಂದು ಹೆಸರು. ಅಕ್ಷರಗಳನ್ನು ಒಂದೇ ತಂತಿಯಲ್ಲಿ ಒಂದರ ಹಿಂದೊಂದಾಗಿ ಕಳುಹಿಸುವ ಪದ್ಧತಿ ಅದು. ಅದರ ಕಟ್ಟಳೆಯಾದ ಆರ್‌ಎಸ್ ೨೩೨ ಅಮೆರಿಕದಲ್ಲಿ ೧೯೬೦ರಲ್ಲಿ ಹೊರಬಂತು.

ಆ ಕಾಲದಲ್ಲಿ ಗಣಕ ಆಡಿದ ಮಾತನ್ನು ಟೆಲಿಪ್ರಿಂಟರು ಕಾಗದದ ಮೇಲೆ ಕುಟ್ಟುತ್ತಿತ್ತು. ಟೆಲಿಟೈಪ್ ಮಾಡೆಲ್ ೩೩ ಎಂಬ ಪ್ರಸಿದ್ಧ ಯಂತ್ರದ ವೇಗ ಸೆಕೆಂಡಿಗೆ ೧೦ ಅಕ್ಷರ. ಗದ್ದಲವೇನೋ ವಿಪರೀತ, ಆದರೆ ಆಡಿದ್ದೆಲ್ಲ ಕಾಗದದ ಸುರುಳಿಯಲ್ಲಿ ತಾನಾಗಿ ಉಳಿಯುತ್ತಿತ್ತು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಮೊದಲಾದ ಯುನಿಕ್ಸ್ ವ್ಯವಸ್ಥೆಯ ಸಂತತಿಯಲ್ಲಿ ಈ ಕಿಂಡಿಗಳನ್ನು ಇಂದಿಗೂ 'ಟಿಟಿವೈ' ಎಂದೇ ಕರೆಯುತ್ತಾರೆ. ಟೆಲಿಟೈಪು ಹೋಯಿತು, ಹೆಸರು ಉಳಿಯಿತು. ಕಾಗದದ ಬದಲು ಗಾಜಿನ ಪರದೆ ಬಂದಾಗ ಗದ್ದಲ ನಿಂತಿತು, ಅದರೊಡನೆ ನೆನಪೂ ಹೋಯಿತು. ಪರದೆಯಲ್ಲಿ ೨೪ ಅಥವಾ ೨೫ ಸಾಲು ನಿಲ್ಲುತ್ತವೆ. ಮುಂದಿನ ಸಾಲು ಬಂದರೆ ಮೇಲಿನದು ಜಾರಿಹೋಗುತ್ತದೆ.

ಇದರಿಂದ ನಷ್ಟವೇನು? ಯಂತ್ರ ತನ್ನ ದಿನಚರಿಯನ್ನು ತನ್ನದೇ ಡಿಸ್ಕಿನಲ್ಲಿ ಬರೆದುಕೊಳ್ಳುತ್ತದೆ, ನಿಜ. ಆದರೆ ಅದರ ಬುಡವೇ ಕುಸಿದಾಗ ಡಿಸ್ಕನ್ನು ಮುಟ್ಟುವ ಶಕ್ತಿ ಉಳಿದಿರುವುದಿಲ್ಲ. ಆ ಹೊತ್ತಿನ ಮಾತು ಎಷ್ಟೋ ವೇಳೆ ಈ ಕಿಂಡಿಯಿಂದ ಮಾತ್ರ ಹೊರಬರುತ್ತದೆ. ಕೇಳುವವರಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಕೇಳುವುದಕ್ಕೆಂದೇ ಇರುವ ಪೆಟ್ಟಿಗೆಗೆ ಡಿವೈಸ್ ಸರ್ವರ್ ಅಥವಾ ಕನ್ಸೋಲ್ ಸರ್ವರ್ ಎನ್ನುತ್ತಾರೆ. ಅದರ ಒಂದು ಮಗ್ಗುಲಲ್ಲಿ ೮, ೧೬, ೩೨ ಹೀಗೆ ಕಿಂಡಿಗಳು. ಇನ್ನೊಂದು ಮಗ್ಗುಲಲ್ಲಿ ಜಾಲದ ತಂತಿ. ಯಾರೂ ನೋಡದ ಹೊತ್ತಿನಲ್ಲಿಯೂ ಅದು ಕೇಳುತ್ತಿರುತ್ತದೆ, ಕೇಳಿದ್ದನ್ನು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಆ ಸ್ಮೃತಿ ಬಹಳ ಕಿರಿದು. ಒಂದೊಂದು ಕಿಂಡಿಗೆ ೬೪ ಕಿಲೋಬೈಟು, ಅಂದರೆ ೬೫,೫೩೬ ಅಕ್ಷರಗಳ ಜಾಗವಿದೆ ಎಂದುಕೊಳ್ಳಿ. ೯೬೦೦ರ ವೇಗದಲ್ಲಿ ಸೆಕೆಂಡಿಗೆ ೯೬೦ ಅಕ್ಷರ ಬರುತ್ತವೆ. ಕೆಟ್ಟ ಯಂತ್ರ ಒಂದೇ ಸಮನೆ ಒದರತೊಡಗಿದರೆ ೬೮ ಸೆಕೆಂಡಿನಲ್ಲಿ ಜಾಗವೆಲ್ಲ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲ್ಪಡುತ್ತದೆ.

ಇದನ್ನು ಕೇಳಿದಾಗ ನನಗೆ ನಮ್ಮ ಕಡತ ನೆನಪಾಯಿತು. ಕಡತವೆಂದರೆ ಈಗ ಕಚೇರಿಯ ಫೈಲು. ಮೊದಲು ಅದು ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಬಟ್ಟೆಯ ಪುಸ್ತಕ. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಉಳಿಯಬೇಕಾದದ್ದನ್ನು ಓಲೆಗೋ ತಾಮ್ರಕ್ಕೋ ಕಲ್ಲಿಗೋ ಏರಿಸಬೇಕಾಗಿತ್ತು. ಈ ಪೆಟ್ಟಿಗೆಯೂ ಹಾಗೆಯೇ. ಕೇಳಿದ್ದನ್ನು ಕೂಡಲೇ ಜಾಲದ ಮೂಲಕ ದೂರದ ಇನ್ನೊಂದು ಗಣಕಕ್ಕೆ ದಾಟಿಸಬೇಕು. ಜಾಲವೇ ಕೆಟ್ಟ ಗಳಿಗೆಗೆಂದು ಪೆಟ್ಟಿಗೆಯಲ್ಲಿಯೂ ಒಂದು ಪ್ರತಿ ಇರಬೇಕು.

ಇನ್ನು ಓದುವ ಬಗೆ. ಈ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥ ದಾಖಲೆಯ ಕೆಲವು ಹಾಳೆಗಳನ್ನು ತಂದು ತೋರಿಸಿದ. ನಡುವೆ ಎರಡು ಸಾಲು ಬರಿಯ ಗೊಜ್ಜಲು. ಕಳುಹಿಸುವವನ ವೇಗವೂ ಕೇಳುವವನ ವೇಗವೂ ಹೊಂದದಿದ್ದರೆ ಹಾಗಾಗುತ್ತದಂತೆ. ಲಿಪಿಕಾರನ ಸ್ಖಾಲಿತ್ಯದ ಹಾಗೆ ಅದಕ್ಕೂ ಕಾರಣವುಂಟು. ಅದನ್ನು ಅಳಿಸಿ ಚೊಕ್ಕಟ ಮಾಡಬಾರದು. ಕುಸಿತದ ವರದಿಯಲ್ಲಿ ಕೊನೆಯ ಸಾಲುಗಳು ಬಹುಮಟ್ಟಿಗೆ ಪರಿಣಾಮ ಮಾತ್ರ. ಕಾರಣ ಮೇಲಿನ ಮೊದಲ ಸಾಲುಗಳಲ್ಲಿ ಇರುತ್ತದೆ. ಪರದೆಯಿಂದ ಜಾರಿಹೋಗುತ್ತಿದ್ದುದು ಅವೇ ಸಾಲುಗಳು! ಲಿನಕ್ಸ್ ಯಂತ್ರ ಹೊತ್ತನ್ನು ಎಣಿಸುವುದು ತಾನು ಎದ್ದ ಗಳಿಗೆಯಿಂದ. ಆದ್ದರಿಂದ ಗಡಿಯಾರದ ಹೊತ್ತನ್ನು ಕೇಳುವವನೇ ಪ್ರತಿ ಸಾಲಿಗೂ ಹಚ್ಚಬೇಕು. ತೇದಿಯಿಲ್ಲದ ಶಾಸನ ಓದುವ ಕಷ್ಟ ನಮಗೆ ಗೊತ್ತಿದ್ದದ್ದೇ.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಖಾಲಿ ಜಾಗ. ಸಂಜೆಯಿಂದ ಬೆಳಗಿನವರೆಗೆ ಒಂದಕ್ಷರವಿಲ್ಲ. "ಯಂತ್ರ ನೆಮ್ಮದಿಯಾಗಿತ್ತು ಅಂತಲೂ ಆಗಬಹುದು, ತಂತಿ ಕಿತ್ತುಹೋಗಿತ್ತು ಅಂತಲೂ ಆಗಬಹುದು, ಮೇಷ್ಟ್ರೇ" ಎಂದ ಹುಡುಗ. ಅದಕ್ಕಾಗಿಯೇ ಒಳ್ಳೆಯ ಏರ್ಪಾಡುಗಳಲ್ಲಿ ದಾಖಲೆ ಬರೆಯುವವನು ಗಂಟೆಗೊಮ್ಮೆ ತನ್ನದೇ ಗುರುತೊಂದನ್ನು ಹಾಕುತ್ತಾನೆ: ಎಚ್ಚರವಾಗಿದ್ದೇನೆ, ಕೇಳಿಸಿದ್ದು ಏನೂ ಇಲ್ಲ ಎಂದು. ತಂತಿಯ ಸುದ್ದಿಯನ್ನು ಅದೂ ಹೇಳಲಾರದು. ಆದರೆ ಬರೆಯುವವನು ಮಲಗಿರಲಿಲ್ಲ ಎಂಬುದಾದರೂ ಗೊತ್ತಾಗುತ್ತದೆ. ನಮ್ಮ ಓಲೆಗಳನ್ನು ಪ್ರತಿಮಾಡಿದವರು ಬಿಟ್ಟ ತೆರವುಗಳಲ್ಲಿ ಇಂಥ ಗುರುತಿದ್ದಿದ್ದರೆ ಎಷ್ಟು ವಾದಗಳು ಉಳಿಯುತ್ತಿದ್ದವೋ!

ಕೇಳುವವನು ತಾನೇ ಬಾಯಿಹಾಕಿದರೆ ಅನಾಹುತ. ಸನ್ ಕಂಪನಿಯ ಸ್ಪಾರ್ಕ್ ಗಣಕಗಳು ಈ ತಂತಿಯಲ್ಲಿ 'ಬ್ರೇಕ್' ಎಂಬ ಸಂಜ್ಞೆ ಬಂದರೆ ಕೆಲಸ ನಿಲ್ಲಿಸಿ ನಿಂತುಬಿಡುತ್ತಿದ್ದವು. ಕೆಲವು ಪೆಟ್ಟಿಗೆಗಳು ವಿದ್ಯುತ್ತು ಹೋಗಿ ಬಂದಾಗ ಅದೇ ಸಂಜ್ಞೆಯನ್ನು ಹೊರಡಿಸುತ್ತಿದ್ದವು. ಸಾಕ್ಷಿಯೇ ಕೊಂದಂತಾಯಿತು.

ಇನ್ನೊಂದು ಅಪಾಯ ಓದುವವನ ಕಡೆಯದು. ಗುಪ್ತಪದವನ್ನು ಒತ್ತುವಾಗ ಯಂತ್ರ ಅದನ್ನು ಮರುನುಡಿಯುವುದಿಲ್ಲ. ಯಂತ್ರದ ಮಾತನ್ನಷ್ಟೇ ಬರೆದಿಡುವ ದಾಖಲೆಗೆ ಅದು ಸೇರುವುದಿಲ್ಲ. ಆದರೆ ಗಡಿಬಿಡಿಯಲ್ಲಿ ಯಾರಾದರೂ ತಮ್ಮ ಹೆಸರು ಬರೆಯಬೇಕಾದಲ್ಲಿ ಗುಪ್ತಪದವನ್ನೇ ಬರೆದರೆ ಅದು ಸ್ಪಷ್ಟ ಅಕ್ಷರಗಳಲ್ಲಿ ನಿಂತುಬಿಡುತ್ತದೆ. ತಿಂಗಳುಗಳ ಅನಂತರ ಓದಿದವನ ಕೈಗೂ ಅದು ಸಿಕ್ಕುತ್ತದೆ. ಆದ್ದರಿಂದ ದಾಖಲೆಯನ್ನು ಯಾರು, ಎಂದು ತೆರೆದರೆಂಬುದಕ್ಕೂ ಒಂದು ದಾಖಲೆ ಬೇಕು; ಇಂತಿಷ್ಟು ಕಾಲದ ಮೇಲೆ ಎರಡನ್ನೂ ಅಳಿಸುವ ಕಟ್ಟಳೆಯೂ ಬೇಕು.

ಇಷ್ಟು ಕಾವಲಿಲ್ಲದ ಕಡೆ ಬರೆದಿಡದಿರುವುದೇ ಲೇಸಲ್ಲವೆ ಎಂದು ಹುಡುಗನನ್ನು ಕೇಳಿದೆ. ಅವನು ಒಪ್ಪಲಿಲ್ಲ. ನಡುರಾತ್ರಿ ಆಸ್ಪತ್ರೆಯೊಂದರ ಗಣಕ ನಿಂತುಹೋದಾಗ, ಅದನ್ನು ಮತ್ತೆ ಎಬ್ಬಿಸುವುದಕ್ಕೆ ಮೊದಲು ಅದು ಏನೆಂದು ಕೂಗಿತ್ತೆಂಬುದನ್ನು ತನಗೆ ಯಾರು ಹೇಳಬೇಕು ಎಂದು ಕೇಳಿದ.