ಮಕ್ಕಳ ಅಸೈನ್‌ಮೆಂಟಿಗೆ ನಮ್ಮ ಪಾಲು



ಊರಿಗೆ ಫೋನ್ ಮಾಡಿದರೆ ಕಾಲೇಜಿಗೆ ಹೋಗುವ ಮಕ್ಕಳ ಹತ್ತಿರ ನಾವು ಕೇಳುವುದು ಎರಡೇ ಮಾತು: ‘ಫೀಸು ಕಟ್ಟಿ ಆಯ್ತಾ? ಮಾರ್ಕ್ ಎಷ್ಟು ಬಂತು?’ ಅಸೈನ್‌ಮೆಂಟಿಗೆ ಏನು ಬರೆದೆ ಎಂದು ಕೇಳುವುದೇ ಇಲ್ಲ. ಅವರು ಮೊಬೈಲ್ ನೋಡಿ ನಕಲು ಮಾಡಿ ಕೊಟ್ಟುಬಿಡುತ್ತಾರೆ. ಡಿಗ್ರಿ ಸಿಕ್ಕಿಯೂ ಒಂದು ಅರ್ಜಿ ಸ್ವಂತವಾಗಿ ಬರೆಯಲು ಬಾರದಿದ್ದರೆ ನಮ್ಮ ಬೆವರಿಗೆ ಏನು ಬೆಲೆ?

ಒಂದೊಂದು ವಿಷಯಕ್ಕೆ ಒಂದೊಂದು ರೀತಿಯ ಬರಹ ಬೇಕು. ಚರಿತ್ರೆ ಸಾಕ್ಷಿ ಕೇಳುತ್ತದೆ. 1990ರಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ಎಲ್ಲ ಬಿಟ್ಟು ಊರಿಗೆ ಮರಳಿದ ಹಿರಿಯರು ನಮ್ಮಲ್ಲೇ ಇದ್ದಾರಲ್ಲ! ಅರ್ಥಶಾಸ್ತ್ರ ಕಾರಣ ಕೇಳುತ್ತದೆ. ರೂಪಾಯಿ ಇಳಿದರೆ ನಮ್ಮ ರಿಯಾಲಿಗೆ ಹೆಚ್ಚು ಹಣ ಸಿಗುತ್ತದೆ, ಆದರೆ ಹೊರದೇಶದಿಂದ ತರಿಸುವ ಎಣ್ಣೆಯ ರೇಟೂ ಊರಲ್ಲಿ ಏರುತ್ತದೆ. ಸಮಾಜಶಾಸ್ತ್ರ ಬದುಕನ್ನು ಹತ್ತಿರದಿಂದ ನೋಡು ಅನ್ನುತ್ತದೆ. ಒಂದೇ ರೂಮಿನಲ್ಲಿ ಎಂಟು ಮಂದಿ ಅಡುಗೆಯ ಸರದಿ ಹಂಚಿಕೊಂಡು ಬಾಳುವುದು ಮತ್ತೇನು?

ನಮಗೆ ಓದು ಕಡಿಮೆ ಎಂದು ಹಿಂಜರಿಯುವುದು ಬೇಡ. ನಾವು ಹೇಳುವ, ಮಕ್ಕಳು ಕೇಳಿ ತಮ್ಮ ಮಾತಲ್ಲಿ ಬರೆಯಲಿ. ಈ ಶುಕ್ರವಾರ ಫೋನಿನಲ್ಲಿ ಮಾರ್ಕ್ ಕೇಳುವ ಮೊದಲು, ‘ಏನು ಬರೆದೆ ಮೋಳೆ, ಒಮ್ಮೆ ಓದು’ ಅನ್ನೋಣ.