ತೂಬು, ಟ್ಯೂಬು ಮತ್ತು ಕಿವಿ

(ಕಳ್ಳಂಬೆಳ್ಳದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆರೆಯಿರುವ ಊರಿನಲ್ಲಿ ನಿಂತು ಮಾತನಾಡುವವನು ಉಪಮೆಗಾಗಿ ದೂರ ಹೋಗಬೇಕಾಗಿಲ್ಲ. ಕೆರೆಯ ತೂಬು ನೀರಿಗೆ ಮಾಡುವ ಕೆಲಸವನ್ನೇ ಹಳೆಯ ರೇಡಿಯೊದ ಗಾಜಿನ ವಾಲ್ವ್ ವಿದ್ಯುತ್ತಿಗೆ ಮಾಡುತ್ತದೆ. ತೂಬನ್ನು ತುಸು ಎತ್ತಿ ಇಳಿಸಿದರೆ ಕಾಲುವೆಯ ಹರಿವೇ ಬದಲಾಗುವಂತೆ, ವಾಲ್ವಿನೊಳಗಿನ ಜಾಲರಿಗೆ ಬರುವ ಕ್ಷೀಣ ಸಂಕೇತವು ದೊಡ್ಡ ಪ್ರವಾಹವನ್ನು ಏರಿಳಿಸುತ್ತದೆ.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ್ದು ಇಂಥ ವಾಲ್ವುಗಳ ಬಲದಿಂದ. 1961ರಲ್ಲಿ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯೇ ರೇಡಿಯೊ ವಾಲ್ವುಗಳ ತಯಾರಿಕೆಗೆ ತೊಡಗಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಅವು ಅಟ್ಟ ಸೇರಿದವು. ಇಂದು ಹೆಡ್‌ಫೋನಿನಲ್ಲಿ ಸಂಗೀತ ಕೇಳುವ ರಸಿಕರು ಅವುಗಳನ್ನು ಮತ್ತೆ ಹುಡುಕುತ್ತಿದ್ದಾರೆ. ಯಾವ ಬಗೆಯ ವಾಲ್ವ್ ಆಂಪ್ಲಿಫೈಯರ್ ಒಳ್ಳೆಯದು ಎಂದು ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಮೊದಲು ನಿಮ್ಮ ಹೆಡ್‌ಫೋನನ್ನು ನೋಡಿ.

ವೋಲ್ಟೇಜನ್ನು ನೀರಿನ ಎತ್ತರವೆಂದೂ ಕರೆಂಟನ್ನು ಹರಿವೆಂದೂ ಭಾವಿಸಿ. ವಾಲ್ವಿನಲ್ಲಿ ಎತ್ತರ ಹೆಚ್ಚು, ಹರಿವು ಕಡಿಮೆ. ಹೆಡ್‌ಫೋನುಗಳಲ್ಲಿ ಎರಡು ಜಾತಿ. 300 ಓಮ್‌ನದಕ್ಕೆ ಎತ್ತರ ಬೇಕು, ಹರಿವು ಸ್ವಲ್ಪ ಸಾಕು. 32 ಓಮ್‌ನದಕ್ಕೆ ಎತ್ತರ ಬೇಡ, ಹರಿವು ಬೇಕು. ಒಂದು ಮಿಲಿವಾಟ್ ಶಕ್ತಿಗೆ ಮೊದಲನೆಯದು ಎರಡು ಮಿಲಿಆಂಪಿಯರ್‌ಗೂ ಕಡಿಮೆ ಎಳೆದರೆ, ಎರಡನೆಯದು ಐದಕ್ಕೂ ಹೆಚ್ಚು ಎಳೆಯುತ್ತದೆ.

ಆಂಪ್ಲಿಫೈಯರಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವಾಲ್ವೇ ಹೆಡ್‌ಫೋನನ್ನು ನಡೆಸುತ್ತದೆ. ಅದರ ಆಂತರಿಕ ತಡೆ 100 ಓಮ್ ಎಂದುಕೊಂಡರೆ, 300 ಓಮ್‌ನ ಹೆಡ್‌ಫೋನಿಗೆ ಮುಕ್ಕಾಲು ಪಾಲು ವೋಲ್ಟೇಜ್ ತಲುಪುತ್ತದೆ. 32 ಓಮ್‌ನದಕ್ಕೆ ಕಾಲು ಪಾಲೂ ಇಲ್ಲ. ಎರಡನೆಯದರಲ್ಲಿ ಟ್ರಾನ್ಸ್‌ಫಾರ್ಮರ್ ಎತ್ತರವನ್ನು ಇಳಿಸಿ ಹರಿವನ್ನು ಹೆಚ್ಚಿಸುತ್ತದೆ. ಹಳೆಯ ರೇಡಿಯೊದಲ್ಲಿ ಇಎಲ್84 ವಾಲ್ವಿಗೂ ಸ್ಪೀಕರಿಗೂ ನಡುವೆ ಇದ್ದದ್ದು ಇದೇ. ಇದು ಎರಡೂ ಜಾತಿಗೆ ಹೊಂದೀತು, ಆದರೆ ಒಳ್ಳೆಯ ಟ್ರಾನ್ಸ್‌ಫಾರ್ಮರ್ ಭಾರ, ಬೆಲೆಯೂ ಭಾರ. ಮೂರನೆಯದು ಮಿಶ್ರ ಬಗೆ: ವಾಲ್ವ್ ಸಂಕೇತವನ್ನು ಎತ್ತರಿಸುತ್ತದೆ, ಟ್ರಾನ್ಸಿಸ್ಟರ್ ಹರಿವನ್ನು ಒದಗಿಸುತ್ತದೆ. 32 ಓಮ್‌ನವರಿಗೆ ಕಡಿಮೆ ಖರ್ಚಿನ ದಾರಿ ಇದು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ವಾಲ್ವಿನ ಮಾಧುರ್ಯ ಎನ್ನುವುದರಲ್ಲಿ ವಾಲ್ವ್ ತಾನೇ ಬೆರೆಸುವ ಸಣ್ಣ ವಿಕೃತಿಯ ಪಾಲೂ ಇದೆ. ಅದು ಇಷ್ಟವಾದರೆ ತಪ್ಪಿಲ್ಲ. ಶುದ್ಧತೆಯಷ್ಟೇ ಬೇಕೆಂದರೆ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಸಾಕು.

ಕೊನೆಯದಾಗಿ, ಅಜ್ಜನ ರೇಡಿಯೊವನ್ನು ಬಿಚ್ಚಿ ವಾಲ್ವ್ ಕೀಳಲು ಹೊರಟಿರುವ ಹುಡುಗರಿಗೆ ಒಂದು ಮಾತು. ಅದರೊಳಗೆ 250 ವೋಲ್ಟಿನಷ್ಟು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಕೆಲವು ರೇಡಿಯೊಗಳಲ್ಲಿ ಲೋಹದ ಚಾಸಿಗೇ ನೇರವಾಗಿ ಮನೆಯ ಕರೆಂಟು ಬಂದಿರುತ್ತದೆ. ಕೈ ಹಾಕುವ ಮುನ್ನ ಬಲ್ಲವರನ್ನು ಕರೆಯಿರಿ. ಸಾಧ್ಯವಾದರೆ ಆ ರೇಡಿಯೊವನ್ನೇ ರಿಪೇರಿ ಮಾಡಿಸಿ. ನಿಮ್ಮ ಹೆಡ್‌ಫೋನಿಗೆ ಹೊಂದದ ಆಂಪ್ಲಿಫೈಯರಿಗಾಗಿ ಮನೆಮಂದಿಯೆಲ್ಲ ಕೂತು ಕೇಳಿದ ಒಂದು ರೇಡಿಯೊ ಹಾಳಾಗುವುದು ಬೇಡ.