ಕರೆಂಟು ಮಾರುವವನೇ ದಿವಾಳಿಯಾದರೆ?

(ಯುವ ಬಳಗದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಓದಿದವನು. ಭಾಷಣಕಾರನಲ್ಲ, ಪ್ರೆಸ್ ನಡೆಸುವವನು. ಕಾಗದದ ಲೆಕ್ಕದಿಂದಲೇ ಮಾತು ಶುರು ಮಾಡುತ್ತೇನೆ.

ಒಮ್ಮೆ ಕ್ಯಾಲೆಂಡರಿನ ದೊಡ್ಡ ಆರ್ಡರ್ ಹಿಡಿದೆ. ದರ ಒಪ್ಪಿ ಅಡ್ವಾನ್ಸ್ ಪಡೆದೆ. ಕಾಗದ ಆಮೇಲೆ ಕೊಂಡರಾಯಿತು ಎಂದುಕೊಂಡೆ. ಎರಡೇ ತಿಂಗಳಲ್ಲಿ ಕಾಗದದ ಬೆಲೆ ಏರಿತು. ಮಾತು ಕೊಟ್ಟ ದರ ಏರಿಸುವಂತಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಕೆಲಸ ಮುಗಿಸಿದೆ. ನನ್ನ ತಪ್ಪಿಗೆ ನಾನೇ ದಂಡ ತೆತ್ತೆ.

ಬ್ರಿಟನ್ನಿನಲ್ಲಿ ಮನೆಮನೆಗೆ ಕರೆಂಟು, ಗ್ಯಾಸ್ ಮಾರುವುದು ಖಾಸಗಿ ಕಂಪನಿಗಳು. ಅವುಗಳಲ್ಲಿ ಹಲವು ನನ್ನಂತೆಯೇ ಸಾಕಷ್ಟು ಮುಂಗಡ ಖರೀದಿ ಮಾಡಿರಲಿಲ್ಲ. 2021ರಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿತು. ಗ್ರಾಹಕರ ದರಕ್ಕೆ ಅಲ್ಲಿನ ನಿಯಂತ್ರಕ ಆಫ್‌ಜೆಮ್ ಮಿತಿ ಹಾಕಿತ್ತು. ಎರಡು ಡಜನ್‌ಗೂ ಹೆಚ್ಚು ಕಂಪನಿಗಳು ಬಾಗಿಲು ಹಾಕಿದವು! ಅವುಗಳ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ವರ್ಗಾಯಿಸಲಾಯಿತು. ಆ ಖರ್ಚು ಬಿದ್ದದ್ದು ಎಲ್ಲರ ಬಿಲ್ಲಿನ ಮೇಲೆ. ಮನೆಯೊಂದಕ್ಕೆ ಸುಮಾರು 94 ಪೌಂಡ್ ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ 2022ರಲ್ಲಿ ಅಂದಾಜು ಮಾಡಿತು.

ಬಲ್ಬ್ ಎಂಬ ಕಂಪನಿಯ ಕಥೆಯೇ ಬೇರೆ. ಸುಮಾರು 15 ಲಕ್ಷ ಗ್ರಾಹಕರಿದ್ದ ಅದನ್ನು ವಹಿಸಿಕೊಳ್ಳುವ ಶಕ್ತಿ ಬೇರೆ ಕಂಪನಿಗಳಿಗಿರಲಿಲ್ಲ. 2021ರ ನವೆಂಬರಿನಲ್ಲಿ ಸರಕಾರವೇ ಬೊಕ್ಕಸದ ಹಣ ಹಾಕಿ, ವಿಶೇಷ ಆಡಳಿತಾಧಿಕಾರಿಗಳ ಮೂಲಕ ಅದನ್ನು ನಡೆಸಿತು. 2022ರ ಡಿಸೆಂಬರಿನಲ್ಲಿ ಆಕ್ಟೋಪಸ್ ಕಂಪನಿಗೆ ಒಪ್ಪಿಸಿತು. ನಷ್ಟ 650 ಕೋಟಿ ಪೌಂಡ್ ಆದೀತೆಂಬ ಅಂದಾಜಿತ್ತು. ಗ್ಯಾಸ್ ಬೆಲೆ ಇಳಿದ ಪುಣ್ಯಕ್ಕೆ ಹೆಚ್ಚಿನ ಹಣ ವಾಪಸ್ ಬಂತು. ಇಳಿಯದಿದ್ದರೆ?

ಈ ನಡುವೆ ಉಕ್ರೇನ್ ಯುದ್ಧ ಬೆಲೆಯನ್ನು ಇನ್ನಷ್ಟು ಏರಿಸಿತ್ತು. 2022ರ ಅಕ್ಟೋಬರಿನಿಂದ ಸಾಧಾರಣ ಮನೆಯ ವರ್ಷದ ಬಿಲ್ಲು 2,500 ಪೌಂಡ್ ಆಸುಪಾಸಿನಲ್ಲಿ ನಿಲ್ಲುವಂತೆ ಸರಕಾರ ದರ ಹಿಡಿಯಿತು. ಮೇಲೆ 400 ಪೌಂಡನ್ನು ಆರು ಕಂತುಗಳಲ್ಲಿ ಕೊಟ್ಟಿತು. ಒಳ್ಳೆಯದೇ! ಆದರೆ ಬಂಗಲೆಗೂ ಗುಡಿಸಲಿಗೂ ಅಷ್ಟೇ ಹಣ. ಹಳೆಯ ಪ್ರೀಪೇಯ್ಡ್ ಮೀಟರಿನ ಬಡವರಿಗೆ ಕಳಿಸಿದ ವೋಚರುಗಳಲ್ಲಿ ಲಕ್ಷಾಂತರ ಬಳಕೆಯಾಗದೆ ಉಳಿದವು. ಹೆಚ್ಚು ಬೇಕಾದವನಿಗೇ ನೆರವು ಕೈಜಾರಿತು.

ಇದು ನಮಗೇಕೆ ಎನ್ನಬೇಡಿ. ನಮ್ಮ ಬೆಸ್ಕಾಂ, ಹೆಸ್ಕಾಂ ಸರಕಾರದವು. ಆದರೆ ಒಂದೇ ಊರಿನಲ್ಲಿ ಹಲವು ಕಂಪನಿಗಳು ಕರೆಂಟು ಮಾರಲು ದಾರಿ ಮಾಡುವ ತಿದ್ದುಪಡಿ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದಿತ್ತು. ಅದು ಕಾಯ್ದೆಯಾಗಲಿಲ್ಲ, ನಿಜ. ಅಂಥ ಮಾತು ಮತ್ತೆ ಬಂದಾಗ ನೀವು ಕೇಳಬೇಕು: ಕಂಪನಿಯ ಗಂಟು ಎಷ್ಟಿದೆ? ಮುಂಗಡ ಖರೀದಿ ಮಾಡಿದೆಯೇ? ಅದು ಮುಳುಗಿದರೆ ತೆರುವವರು ಯಾರು? ನೆರವಿನ ಕಾಗದ ಬಡವನಿಗೆ ಓದಲು ಬರುವ ಭಾಷೆಯಲ್ಲಿ ಇರುತ್ತದೆಯೇ?

ನಾನು ಬಳೆ ಅಡವಿಟ್ಟೆ. ಕಂಪನಿ ಅಡವಿಡುವುದು ನಮ್ಮನ್ನು. ಸಹಿ ಬೀಳುವ ಮೊದಲೇ ಕೇಳಿ, ಕನ್ನಡದಲ್ಲೇ ಕೇಳಿ!

ಸಿರಿಗನ್ನಡಂ ಗೆಲ್ಗೆ.